ಓಪಿಡಿ ಚೀಟಿಗೂ ಒಂದು ಬೆಲೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಮತ್ತು ಇದನ್ನು ಓದುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ತಾಲ್ಲೂಕು ಕಚೇರಿ ಎದುರು ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾರು ವರ್ಷ ಆಯಿತು. ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಂಶವೃಕ್ಷ, ಪಾಸ್‌ಬುಕ್, ದಿನವಿಡೀ ಊರವರ ಕಾಗದಗಳೇ ನನ್ನ ಕೈಯಲ್ಲಿ ಓಡಾಡುತ್ತವೆ. ಯಾವ ಕಾಗದ ಯಾವ ಕಚೇರಿಯಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನಗೆ ಬಾಯಿಪಾಠ. ಆದರೂ ನಮ್ಮಮ್ಮನ ಓಪಿಡಿ ಚೀಟಿಗಳನ್ನು, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬಂದಾಗ ಡಾಕ್ಟರು ಬರೆದುಕೊಟ್ಟ ಚೀಟಿಗಳನ್ನು, ಒಂದು ಸಲವೂ ಜೆರಾಕ್ಸ್ ಮಾಡಿ ಇಟ್ಟಿರಲಿಲ್ಲ. ಬರೀ ಪೈಲ್ಸ್‌ಗೆ ಕೊಟ್ಟ ಚೀಟಿ, ಅದಕ್ಕೇನು ಜೆರಾಕ್ಸ್ ಎಂದುಕೊಂಡಿದ್ದೆ.

ಅಮ್ಮ 2025ರ ಜನವರಿಯಲ್ಲಿ ತೀರಿಕೊಂಡರು. 58 ವರ್ಷ. ಗುದನಾಳದ ಕ್ಯಾನ್ಸರ್.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಎರಡು ತಿಂಗಳು ಅಮ್ಮ ಯಾರಿಗೂ ಹೇಳಲಿಲ್ಲ, ನಾಚಿಕೆ. ಆ ಎರಡು ತಿಂಗಳು ನಮ್ಮ ಮನೆಯದೇ ತಪ್ಪು, ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. 2023ರ ಫೆಬ್ರವರಿಯಲ್ಲಿ ನನಗೆ ಗೊತ್ತಾಯಿತು, ಮಾರನೇ ದಿನವೇ ನಮ್ಮ ತಾಲ್ಲೂಕಿನ ಒಂದು ಖಾಸಗಿ ನರ್ಸಿಂಗ್ ಹೋಂಗೆ ಕರೆದುಕೊಂಡು ಹೋದೆ. ಹೆಸರು ಬರೆಯುವುದಿಲ್ಲ. ಅದು ಒಳ್ಳೆಯ ಹೆಸರಿರುವ ಜಾಗ, ನಾನು ಹುಟ್ಟಿದ್ದೂ ಅಲ್ಲೇ, ನನ್ನ ಮಗ ಹುಟ್ಟಿದ್ದೂ ಅಲ್ಲೇ. ಡಾಕ್ಟರು ಎಂದೂ ದುಡ್ಡಿಗೆ ಆಸೆಪಟ್ಟವರಲ್ಲ, 150 ರೂಪಾಯಿ ತಗೊಳ್ತಿದ್ದರು, ಬಡವರಾದರೆ ಅದೂ ಇಲ್ಲ. ಹೊರಗೆ ಬೆಂಚಿನ ಮೇಲೆ ಐವತ್ತು ಅರವತ್ತು ಜನ ಇರುತ್ತಿದ್ದರು. ಅಮ್ಮನ ಸರದಿ ಬಂತು, ಮೂರು ನಿಮಿಷ ಮಾತಾಡಿಸಿದರು. "ಏನೂ ಇಲ್ಲಮ್ಮ, ಮೂಲವ್ಯಾಧಿ ಇರಬೇಕು. ಖಾರ ಕಮ್ಮಿ ಮಾಡಿ, ನೀರು ಜಾಸ್ತಿ ಕುಡೀರಿ" ಎಂದು ಚೀಟಿ ಬರೆದುಕೊಟ್ಟರು. ಮನೆಗೆ ಬಂದ ಅಮ್ಮ ಅಪ್ಪನಿಗೆ, "ಏನೂ ಇಲ್ವಂತೆ, ಪೈಲ್ಸಂತೆ" ಎಂದು ಹೇಳಿ ನಿರಾಳವಾಗಿ ಅಡಿಗೆ ಮನೆಗೆ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿಂದ 14 ತಿಂಗಳು. ಏಳು ಸಲ ಹೋದೆವು, ಏಳೂ ಸಲ ಅದೇ ರಕ್ತ, ಅದೇ ಮುಲಾಮು, ಅದೇ ಮಾತ್ರೆ. ಏಳರಲ್ಲಿ ಒಂದು ಸಲವೂ ಕೈಗವಸು ಹಾಕಿಕೊಂಡು ಬೆರಳಿನಿಂದ ಒಳಗೆ ಪರೀಕ್ಷೆ ಮಾಡಲಿಲ್ಲ. ಹೀಗೆ ಬಿಚ್ಚಿ ಬರೆಯಲು ಮುಜುಗರ ಆಗುತ್ತದೆ, ಆದರೆ ಇದನ್ನು ಬರೆಯದಿದ್ದರೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ. ರಕ್ತ ಹೋಗುತ್ತಿದೆ ಎಂದು ಬಂದವರಿಗೆ ಮೊದಲು ಮಾಡಬೇಕಾದ ಪರೀಕ್ಷೆಯೇ ಅದು. ಒಂದು ನಿಮಿಷದ ಕೆಲಸ, ಮಷೀನು ಬೇಡ, ಖರ್ಚಿಲ್ಲ. ಕೆಳಭಾಗದಲ್ಲಿರುವ ಗಡ್ಡೆ ಎಷ್ಟೋ ಸಲ ಬೆರಳಿಗೇ ಸಿಗುತ್ತದೆ. ಅಲ್ಲಿ ಜೊತೆಗೆ ನಿಲ್ಲಲು ಒಬ್ಬ ನರ್ಸ್ ಇರಲಿಲ್ಲ, ಅಮ್ಮನೂ ಸಂಕೋಚದ ಹೆಂಗಸು, ಡಾಕ್ಟರೂ ಸಂಕೋಚಪಟ್ಟಿರಬಹುದು. ಇರಬಹುದು. ಆದರೆ ಇಬ್ಬರ ಸಂಕೋಚದಲ್ಲಿ ಒಂದು ವರ್ಷದ ಮೇಲೆ ಎರಡು ತಿಂಗಳು ಹೋಯಿತು.

ಆ ಏಳು ಭೇಟಿಗಳಿಗೆ ಸಂಬಂಧಪಟ್ಟ ಹಾಗೆ ಇವತ್ತು ನನ್ನ ಹತ್ತಿರ ಉಳಿದಿರುವುದು ಮೂರು ಚೀಟಿ ಮತ್ತು ಮೂರು ರಕ್ತ ಪರೀಕ್ಷೆಯ ರಿಪೋರ್ಟು. ಬಟ್ಟೆ ಅಂಗಡಿಯ ಒಂದು ಕವರಿನಲ್ಲಿ ಅಮ್ಮ ಮಡಚಿ ಇಟ್ಟಿದ್ದರು. ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 10.2 ಇದೆ, ಆಮೇಲೆ 8.9, ಆಮೇಲೆ 7.6. ಮುಟ್ಟು ನಿಂತು ಎಂಟು ವರ್ಷ ಆದ ಹೆಂಗಸಿಗೆ ರಕ್ತ ಹೀಗೆ ಇಳಿಯುತ್ತಿದೆ ಅಂದರೆ ಒಳಗೆಲ್ಲೋ ಸೋರುತ್ತಿದೆ, ಎಲ್ಲಿ ಎಂದು ಹುಡುಕಬೇಕು. ಇದನ್ನು ನನಗೆ ಆಮೇಲೆ ಬೆಂಗಳೂರಿನ ಡಾಕ್ಟರು ಹೇಳಿಕೊಟ್ಟರು. ಇಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಿದ್ದರು.

ಚೀಟಿಗಳ ವಿಷಯ ಇನ್ನೂ ಸಂಕಟದ್ದು. ಮೊದಲ ಚೀಟಿಯಲ್ಲಿ ಪೈಲ್ಸ್ ಎಂದು ಬರೆದು ಅದರ ಪಕ್ಕದಲ್ಲೇ ಒಂದು ಪ್ರಶ್ನೆಯ ಗುರುತು ಹಾಕಿದ್ದಾರೆ. ಅಂದರೆ ಇರಬಹುದು, ಇನ್ನೂ ಖಾತ್ರಿ ಇಲ್ಲ. ಆಗಸ್ಟಿನ ಚೀಟಿಯಲ್ಲೂ ಆ ಗುರುತು ಇದೆ. ಡಿಸೆಂಬರಿನ ಚೀಟಿಯಲ್ಲಿ ಗುರುತು ಇಲ್ಲ, ಪೈಲ್ಸ್ ಅಂತಲೇ ಇದೆ. ನಡುವೆ ಯಾವ ಹೊಸ ಪರೀಕ್ಷೆಯೂ ಆಗಿಲ್ಲ, ಆ ಸಂದೇಹವನ್ನು ಯಾರೂ ತೀರಿಸಿಲ್ಲ. ಮೂರೂ ಚೀಟಿಗಳನ್ನು ಅಂಗಡಿಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

2024ರ ಏಪ್ರಿಲ್‌ನಲ್ಲಿ ಅಮ್ಮನಿಗೆ ಎದ್ದು ನಿಲ್ಲಲೂ ಆಗದೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಒಬ್ಬ ಹುಡುಗಿ ಡಾಕ್ಟರ್, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಪರದೆ ಎಳೆದು, "ಅಮ್ಮಾ, ಸ್ವಲ್ಪ ನೋವಾಗುತ್ತೆ, ತಡ್ಕೊಳಿ" ಎಂದು ಪರೀಕ್ಷೆ ಮಾಡಿದಳು. ಹೊರಗೆ ಬಂದು ಫೈಲಿನಲ್ಲಿ ಬರೆದಳು: ಗುದದ್ವಾರದಿಂದ 5 ಸೆಂಟಿಮೀಟರ್ ಒಳಗೆ ಗಡ್ಡೆ. ದಿನಾಂಕ, ಗಂಟೆ, ಸಹಿ. ಆಮೇಲೆ ಕೊಲೊನೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್ ಎಲ್ಲ ಆಯಿತು. ಲಿವರಿಗೆ ಹರಡಿದೆ, ನಾಲ್ಕನೇ ಹಂತ ಎಂದರು. ಕೀಮೋ ಕೊಟ್ಟರು. ಒಂಬತ್ತು ತಿಂಗಳು ಇದ್ದರು.

ಇದಾದ ಮೇಲೆ ನಾನು ಕಾನೂನಿನ ಬಾಗಿಲು ತಟ್ಟಲು ಹೊರಟೆ. ಸಚಿವರೇ, ನಿಮಗೆ ಹೇಳಬೇಕಾಗಿರುವುದು ಆ ಓಡಾಟದಲ್ಲಿ ಕಂಡದ್ದನ್ನು. ಅಮ್ಮನ ಕತೆ ಹೇಳಿ ಅನುಕಂಪ ಕೇಳಲು ಈ ಪತ್ರ ಬರೆಯುತ್ತಿಲ್ಲ.

ಜಿಲ್ಲಾ ಕೇಂದ್ರದ ವಕೀಲರೊಬ್ಬರ ಹತ್ತಿರ ಹೋದೆ. ತಾಳ್ಮೆಯಿಂದ ಕೇಳಿದರು. ಕೇಳಿ ಮೊದಲು ಹೇಳಿದ್ದು ಸಮಾಧಾನದ ಮಾತೇ. 1995ರಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಹೇಳಿದೆ. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ಆನ್‌ಲೈನಿನಲ್ಲೂ ಹಾಕಬಹುದು. ಇಷ್ಟು ಕೇಳಿ ನನಗೆ ಧೈರ್ಯ ಬಂತು. ಆಮೇಲೆ ಅವರು ಕೇಳಿದರು, "ರೆಕಾರ್ಡ್ ಏನಿದೆಯಮ್ಮ?"

ಕವರ್ ಕೊಟ್ಟೆ. ಮೂರು ಚೀಟಿ ನೋಡಿ, "ಉಳಿದ ನಾಲ್ಕು ಭೇಟಿ?" ಎಂದರು. ಇಲ್ಲ. "ದುಡ್ಡು ಕೊಟ್ಟಿದ್ದಕ್ಕೆ ರಸೀದಿ?" 150 ರೂಪಾಯಿಗೆ ರಸೀದಿ ಯಾರು ಕೊಡುತ್ತಾರೆ, ಯಾರು ಕೇಳುತ್ತಾರೆ? ಟೇಬಲ್ ಮೇಲೆ ಇಟ್ಟು ಬರುತ್ತಿದ್ದೆವು.

ನರ್ಸಿಂಗ್ ಹೋಂಗೆ ಹೋಗಿ ಅಮ್ಮನ ರೆಕಾರ್ಡ್ ಕೊಡಿ ಎಂದು ಅರ್ಜಿ ಕೊಟ್ಟೆ. ಸ್ವೀಕೃತಿ ಹಾಕಿಸಿಕೊಂಡೆ, ಅಷ್ಟು ಮಾತ್ರ ನನ್ನ ಕಸುಬು ಕಲಿಸಿದೆ. ಮೂರು ದಿನ ಬಿಟ್ಟು ಬಂದ ಉತ್ತರ: "ಅಡ್ಮಿಟ್ ಆದವರದ್ದು ಮಾತ್ರ ಇಡ್ತೀವಿ ಮೇಡಂ, ಓಪಿಡಿದು ಇರಲ್ಲ." ಅವರು ಸುಳ್ಳು ಹೇಳಲಿಲ್ಲ. ವಕೀಲರು ಪುಸ್ತಕ ತೆಗೆದು ತೋರಿಸಿದರು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮದಲ್ಲಿ, ರೋಗಿಯ ದಾಖಲೆಗಳನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದಿದೆ. ಕೊಡದಿದ್ದರೆ ಡಾಕ್ಟರ ಮೇಲೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. ಬಹಳ ಒಳ್ಳೆಯ ನಿಯಮ. ಆದರೆ 3 ವರ್ಷ ಇಡಬೇಕು ಎಂದಿರುವುದು ಒಳರೋಗಿಗಳ ದಾಖಲೆಯನ್ನು.

ಸಚಿವರೇ, ಕ್ಯಾನ್ಸರ್ ತಡವಾಗುವುದು ಎಲ್ಲಿ? ವಾರ್ಡಿನಲ್ಲಿ ಅಲ್ಲ, ಓಪಿಡಿಯಲ್ಲಿ. ಬಾಯಿ ಹುಣ್ಣು ಮೂರು ತಿಂಗಳಿಂದ ವಾಸಿಯಾಗಿಲ್ಲ ಎಂದು ಬಂದ ಅಡಿಕೆ ತೋಟದ ಆಳಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸುವುದು ಓಪಿಡಿಯಲ್ಲಿ. ಎದೆಯಲ್ಲಿ ಗಂಟು ಎಂದು ಬಂದ ಬಾಣಂತಿಗೆ ಹಾಲು ಗಡ್ಡೆ ಕಟ್ಟಿದೆ ಅಷ್ಟೆ ಎನ್ನುವುದು ಓಪಿಡಿಯಲ್ಲಿ. ಕೆಮ್ಮು ಎಂದು ಬಂದವರಿಗೆ ಕಫದಲ್ಲಿ ಟಿಬಿ ಸಿಗದಿದ್ದರೂ ಎಕ್ಸ್‌ರೇ ಒಂದನ್ನೇ ನೋಡಿ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿ, ಆಮೇಲೆ ಅದು ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ, ಕ್ಯಾನ್ಸರ್ ಡಾಕ್ಟರುಗಳೇ ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಇವರು ಯಾರೂ ಅಡ್ಮಿಟ್ ಆಗಿರುವುದಿಲ್ಲ. ಅಡ್ಮಿಟ್ ಆಗುವ ಹೊತ್ತಿಗೆ ಕಾಯಿಲೆ ಗೊತ್ತಾಗಿರುತ್ತದೆ, ಅಲ್ಲಿಂದ ಮುಂದಿನದ್ದಕ್ಕೆಲ್ಲ ಚೆನ್ನಾಗಿ ಕಾಗದ ಇರುತ್ತದೆ. ತಪ್ಪು ನಡೆದ ತಿಂಗಳುಗಳಿಗೆ ಮಾತ್ರ ಕಾಗದ ಇಲ್ಲ.

ನನ್ನ ಅಂಗಡಿಯಲ್ಲಿ ಕೂತು ನೋಡಿ. ನಮ್ಮ ತಾತನ ಕಾಲದ ಪಹಣಿ ಬೇಕು ಎಂದರೆ ರೆಕಾರ್ಡ್ ರೂಮಿನಿಂದ ತೆಗೆದುಕೊಡುತ್ತಾರೆ. ಈ ರಾಜ್ಯ 2000ನೇ ಇಸವಿಯಲ್ಲೇ ಭೂಮಿ ಯೋಜನೆ ತಂದು ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ದಾರಿ ತೋರಿಸಿತು. ಎರಡು ಗುಂಟೆ ಜಮೀನಿಗೆ ಇರುವ ಕಾಗದದ ಭದ್ರತೆ ಒಬ್ಬ ಮನುಷ್ಯಳ ಹೊಟ್ಟೆಯೊಳಗಿನ ಗಡ್ಡೆಗೆ ಇಲ್ಲ ಅಂದರೆ ಹೇಗೆ? ರೋಗಿಯ ದಾಖಲೆಗಳನ್ನೆಲ್ಲ ಒಂದೇ ನಂಬರಿಗೆ ಸೇರಿಸಲೆಂದು ಕೇಂದ್ರ ಸರ್ಕಾರ ತಂದಿರುವ ಆಭಾ ಕಾರ್ಡನ್ನು ನನ್ನ ಅಂಗಡಿಯಲ್ಲೇ ನೂರಾರು ಜನಕ್ಕೆ ಮಾಡಿಕೊಟ್ಟಿದ್ದೇನೆ, ಅಮ್ಮನದೂ ಇತ್ತು. ಲ್ಯಾಮಿನೇಷನ್ ಮಾಡಿಸಿಟ್ಟ ಆ ಕಾರ್ಡಿನ ನಂಬರಿಗೆ ಏಳು ಭೇಟಿಗಳಲ್ಲಿ ಒಂದನ್ನೂ ಯಾರೂ ಸೇರಿಸಿರಲಿಲ್ಲ.

ಕಾಗದ ಇದ್ದರೂ ಕೇಸು ಗೆಲ್ಲುವುದು ಸುಲಭವಲ್ಲ ಎನ್ನುವುದೂ ನನಗೆ ಗೊತ್ತಾಗಿದೆ, ಅದನ್ನೂ ಹೇಳುತ್ತೇನೆ, ಇದೇ ದಾರಿಯಲ್ಲಿ ಹೊರಟಿರುವ ಬೇರೆಯವರಿಗೂ ತಿಳಿಯಲಿ.

ಡಾಕ್ಟರ ಅಂದಾಜು ತಪ್ಪಾಯಿತು ಅಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. 1957ರಲ್ಲಿ ಇಂಗ್ಲೆಂಡಿನ ಒಂದು ಕೇಸಿನಲ್ಲಿ ಬಂದ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಅದೇ ಜಾಗದಲ್ಲಿ ಇನ್ನೊಬ್ಬ ಸಾಮಾನ್ಯ ತಿಳಿವಳಿಕೆಯ ಡಾಕ್ಟರು ಇದ್ದಿದ್ದರೆ ಏನು ಮಾಡುತ್ತಿದ್ದರು, ಅಷ್ಟನ್ನಾದರೂ ಇವರು ಮಾಡಿದ್ದಾರಾ ಎನ್ನುವುದೇ ಆ ಅಳತೆ. ಇದು ನ್ಯಾಯವೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಇಂಥವು ಎಷ್ಟೋ ಸಲ ಕೊನೆಯವರೆಗೂ ಗುಟ್ಟಾಗಿಯೇ ಇರುತ್ತವೆ, ಎಂಥ ಡಾಕ್ಟರಿಗೂ ಬೇಗ ಸಿಗುವುದಿಲ್ಲ. ಅಂಥದ್ದಕ್ಕೆಲ್ಲ ಕೇಸು ಹಾಕಿದರೆ ತಾಲ್ಲೂಕಿನಲ್ಲಿ ಒಬ್ಬ ಡಾಕ್ಟರೂ ಉಳಿಯುವುದಿಲ್ಲ. ಆದರೆ ಮಾಡಲೇಬೇಕಾದ ಒಂದು ನಿಮಿಷದ ಪರೀಕ್ಷೆ ಮಾಡದೆ ಬಿಟ್ಟದ್ದನ್ನು ಅಂದಾಜಿನ ತಪ್ಪು ಎನ್ನಲು ಆಗುವುದಿಲ್ಲ. ಅಂದಾಜು ಮಾಡಲಿಕ್ಕಾದರೂ ನೋಡಬೇಕಲ್ಲ.

ಇದನ್ನು ಹೇಳಲು ಇನ್ನೊಬ್ಬ ಡಾಕ್ಟರು ಬೇಕು. ಯಾರು ಬರುತ್ತಾರೆ? ನಮ್ಮ ಜಿಲ್ಲೆಯ ಮೂವರು ಸರ್ಜನ್‌ಗಳ ಹತ್ತಿರ ಹೋಗಿದ್ದೆ. ಒಬ್ಬರು ಚೀಟಿಗಳನ್ನು ಎರಡೆರಡು ಸಲ ನೋಡಿ, ನಿಮ್ಮ ಮಾತು ಸರಿ ಇದೆಯಮ್ಮ, ಆದರೆ ಬರೆದು ಕೊಡು ಅಂತ ಮಾತ್ರ ಕೇಳಬೇಡಿ, ನಾವೆಲ್ಲ ಒಂದೇ ಊರಲ್ಲಿ ಇರುವವರು ಎಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು, ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಬೇಕೇ ಬೇಕು ಅಂತಿಲ್ಲ ಎಂದು ಹೇಳಿದೆ. ಮಲೇರಿಯಾ ಇದ್ದ ಹೆಂಗಸಿಗೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಟೈಫಾಯ್ಡ್ ಎಂದು ಔಷಧಿ ಕೊಟ್ಟು ಆಕೆ ತೀರಿಕೊಂಡ ಪ್ರಕರಣ ಅದು. ಜಿಲ್ಲಾ ಗ್ರಾಹಕ ವೇದಿಕೆ 2 ಲಕ್ಷ ಪರಿಹಾರ ಕೊಟ್ಟಿತ್ತು, ತಜ್ಞರ ಸಾಕ್ಷ್ಯ ಇಲ್ಲ ಎಂದು ರಾಜ್ಯ ಆಯೋಗ ಅದನ್ನು ತಳ್ಳಿಹಾಕಿತ್ತು, ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಆದರೂ ಸುಮ್ನೆ ಕಾನೂನು ಪುಸ್ತಕ ಹಿಡಿದು ಹೋದರೆ ಆಗುವುದಿಲ್ಲ, ತಜ್ಞರ ಅಭಿಪ್ರಾಯ ಇದ್ದರೆ ಕೇಸಿಗೆ ಬಲ ಎಂದು ನಮ್ಮ ವಕೀಲರು ಹೇಳುತ್ತಾರೆ.

ಮುಂದಿನ ತೊಡಕು ಇನ್ನೂ ಕಹಿ. ಬೇಗ ಗೊತ್ತಾಗಿದ್ದರೂ ಸಾಯುತ್ತಿದ್ದರು ಎಂದು ಆ ಕಡೆಯವರು ವಾದ ಮಾಡುತ್ತಾರಂತೆ. ಇಂಗ್ಲೆಂಡಿನಲ್ಲಿ 2005ರಲ್ಲಿ ತೀರ್ಪಾದ ಗ್ರೆಗ್ ಮತ್ತು ಸ್ಕಾಟ್ ಎಂಬ ಕೇಸಿನ ಬಗ್ಗೆ ವಕೀಲರು ಹೇಳಿದರು. ಕಂಕುಳಲ್ಲಿ ಗಂಟು ಎಂದು ಹೋದವನಿಗೆ ಡಾಕ್ಟರು ಏನಿಲ್ಲ ಎಂದು ಕಳಿಸಿದ್ದರು, ಅದು ಲಿಂಫೋಮಾ ಎಂಬ ಕ್ಯಾನ್ಸರ್ ಆಗಿತ್ತು, ಒಂಬತ್ತು ತಿಂಗಳು ತಡವಾಯಿತು. ವಾಸಿಯಾಗುವ ಸಾಧ್ಯತೆ ನೂರಕ್ಕೆ 42 ಇದ್ದದ್ದು 25ಕ್ಕೆ ಇಳಿಯಿತು. ಡಾಕ್ಟರದು ತಪ್ಪೇ ಎಂದು ಒಪ್ಪಿದ ಮೇಲೂ ಅವನಿಗೆ ಪರಿಹಾರ ಸಿಗಲಿಲ್ಲ. ಮೊದಲೇ ಅರ್ಧಕ್ಕಿಂತ ಕಮ್ಮಿ ಸಾಧ್ಯತೆ ಇತ್ತಲ್ಲ, ಹಾಗಾಗಿ ತಡವಾದದ್ದರಿಂದಲೇ ಕೆಟ್ಟಿತು ಎಂದು ಹೇಳಲಾಗದು ಎಂದು ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹೇಳಿದರು, ಇಬ್ಬರು ಒಪ್ಪಲಿಲ್ಲ. ಆ ಇಬ್ಬರ ಕಡೆಯೇ ನಾನು. ನೂರರಲ್ಲಿ ಹದಿನೇಳು ಪಾಲು ಕಳೆದುಕೊಂಡವನಿಗೆ ಏನೂ ಕಳೆದಿಲ್ಲ ಎನ್ನುವುದು ಯಾವ ಲೆಕ್ಕ? ಅಮ್ಮನದು ಫೆಬ್ರವರಿಯಲ್ಲಿ ಯಾವ ಹಂತದಲ್ಲಿತ್ತು ಎಂದು ಈಗ ಯಾರೂ ಹೇಳಲಾರರು. ಯಾರೂ ನೋಡಿಲ್ಲವಲ್ಲ, ಅದಕ್ಕೇ. ನೋಡದೇ ಇದ್ದದ್ದೇ ತಪ್ಪು ಎಂದು ಕೇಸು ಹಾಕಿದರೆ, ನೋಡಿದ ದಾಖಲೆ ಇಲ್ಲ ಎನ್ನುವುದೇ ನಮಗೆ ಎದುರಾಗಿ ನಿಲ್ಲುತ್ತದೆ.

ಇನ್ನು ದೂರು ಕೊಡಲು ಕಾಯ್ದೆಯಲ್ಲಿರುವ ಎರಡು ವರ್ಷದ ಗಡುವು. ಯಾವತ್ತಿನಿಂದ ಎರಡು ವರ್ಷ? ಮೊದಲ ಭೇಟಿಯಿಂದ ಎಂದರೆ ಅಮ್ಮ ತೀರಿಕೊಂಡ ಮರು ತಿಂಗಳೇ ಮುಗಿದುಹೋಯಿತು, ನಾವಿನ್ನೂ ತಿಂಗಳ ತಿಥಿ ಮಾಡುತ್ತಿದ್ದೆವು. ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಎಂದರೆ ಇನ್ನು ಕೆಲವೇ ವಾರ ಉಳಿದಿದೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಹಾನಿ ಕಣ್ಣಿಗೆ ಕಾಣದಂಥದ್ದಾದರೆ ಗೊತ್ತಾದ ದಿನದಿಂದ ಲೆಕ್ಕ ಹಾಕಬಹುದು ಎಂದಿತು. ಆದರೆ ಆ ಹೆಂಗಸಿಗೆ ಅದರ ಲಾಭ ಸಿಗಲಿಲ್ಲ. 1993ರ ಆಪರೇಷನ್, 2002ರಲ್ಲಿ ಬಟ್ಟೆ ಸಿಕ್ಕಿತು, ಒಂಬತ್ತು ವರ್ಷ ನೋವಿದ್ದೂ ಆ ಡಾಕ್ಟರ ಹತ್ತಿರ ಮತ್ತೆ ಯಾಕೆ ಹೋಗಲಿಲ್ಲ ಎಂದು ದೂರು ವಜಾ ಆಯಿತು. ತಡ ಮಾಡಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು ಎಂದೂ ಕಾಯ್ದೆಯಲ್ಲಿದೆ, ಅದೊಂದೇ ನಂಬಿಕೆ. ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ದಯವಿಟ್ಟು ಕಾಯಬೇಡಿ, ದುಃಖ ಆರಲಿ ಆಮೇಲೆ ನೋಡೋಣ ಎನ್ನಬೇಡಿ, ಬಯಾಪ್ಸಿ ರಿಪೋರ್ಟಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಇಷ್ಟೆಲ್ಲ ದಾರಿ ಇರುವುದು ದುಡ್ಡು ಕೊಟ್ಟವರಿಗೆ. ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ಹೀಗಾದರೆ ಗ್ರಾಹಕ ಕಾಯ್ದೆಯೇ ಅನ್ವಯಿಸುವುದಿಲ್ಲ, ಅದೇ 1995ರ ತೀರ್ಪಿನಲ್ಲೇ ಹಾಗಿದೆ. ಅವರು ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆದುಕೊಂಡು ಬರುವ ಕೂಲಿಯವಳು ಹೈಕೋರ್ಟಿಗೆ ಹೋಗುತ್ತಾಳಾ?

ಪೊಲೀಸ್ ಕೇಸು ಹಾಕು ಎಂದು ಊರಲ್ಲಿ ಬಹಳ ಜನ ಹೇಳಿದರು. ಒಬ್ಬರು, ಹುಡುಗರನ್ನು ಕರ್ಕೊಂಡು ಹೋಗಿ ನರ್ಸಿಂಗ್ ಹೋಂ ಗಾಜು ಒಡೆಸಿದರೆ ತಾನಾಗಿ ದಾರಿಗೆ ಬರ್ತಾರೆ ಎಂದರು. ನಾನು ಒಪ್ಪಲಿಲ್ಲ. ಅಲ್ಲಿ ಇವತ್ತೂ ಯಾರದೋ ಹೆರಿಗೆ ಆಗುತ್ತಿರುತ್ತದೆ. ಆ ಡಾಕ್ಟರು ಜೈಲಿಗೆ ಹೋಗಬೇಕು ಅಂತ ನನಗಿಲ್ಲ. ಅಮ್ಮನಿಗೂ ಇರಲಿಲ್ಲ. ಅವರು ಒಂದು ಸಲ ಮನೆಗೆ ಬಂದು, ಅಥವಾ ಬರೀ ಫೋನಿನಲ್ಲಾದರೂ, "ನಾನು ನೋಡಬೇಕಾಗಿತ್ತು, ನೋಡಲಿಲ್ಲ" ಎಂದಿದ್ದರೆ ನಾನು ವಕೀಲರ ಮೆಟ್ಟಿಲು ಹತ್ತುತ್ತಿದ್ದೆನೋ ಇಲ್ಲವೋ. ಅವರು ಬರಲಿಲ್ಲ. ಮೂವತ್ತು ವರ್ಷದ ಪರಿಚಯ, ಮಣ್ಣಿಗೂ ಬರಲಿಲ್ಲ. ಒಪ್ಪಿಕೊಂಡರೆ ಅದೇ ಕೇಸಿನಲ್ಲಿ ಸಾಕ್ಷಿಯಾಗುತ್ತದೆ, ಬಾಯಿ ಬಿಡಬೇಡಿ ಎಂದು ಯಾರೋ ಹೇಳಿಕೊಟ್ಟಿರಬೇಕು. ಇಂಗ್ಲೆಂಡಿನಲ್ಲಿ 2006ರ ಒಂದು ಕಾಯ್ದೆಯಲ್ಲಿ, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರಂತೆ. ನಮ್ಮಲ್ಲಿ ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಎಂದರೂ ಆಗುವುದಿಲ್ಲ. ಗ್ರಾಹಕ ಆಯೋಗದಲ್ಲಿ ಮಧ್ಯಸ್ಥಿಕೆಗೆ ಅವಕಾಶ ಇದೆ, ಆದರೆ ಸಾವಾದ ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳನ್ನು 2020ರ ನಿಯಮ ಅದರಿಂದ ಹೊರಗಿಟ್ಟಿದೆ.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಅವರು ಎಚ್ಚರಿಕೆ ಕೊಡಬಹುದು, ನೋಂದಣಿ ತಡೆಹಿಡಿಯಬಹುದು. ಅಲ್ಲಿ ನನ್ನ ದೂರು ಬಿದ್ದುಹೋದರೆ? 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ಮೇಲ್ಮನವಿಯ ದಾರಿ ಬರೆದಿರುವುದು ಡಾಕ್ಟರಿಗೆ, ರೋಗಿಯ ಮನೆಯವರಿಗೆ ಅಲ್ಲ. ಅದು ದೆಹಲಿಯ ಕೆಲಸ, ನಿಮ್ಮದಲ್ಲ, ಗೊತ್ತು. ಆದರೆ ರಾಜ್ಯದಿಂದ ಒಂದು ಕಾಗದವಾದರೂ ಹೋಗಬೇಕಲ್ವಾ?

ನಿಮ್ಮ ಕೈಯಲ್ಲೇ ಇರುವುದಕ್ಕೆ ಬರುತ್ತೇನೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮ ರಾಜ್ಯದ್ದೇ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಡಾಕ್ಟರುಗಳು ಮುಷ್ಕರ ಹೂಡಿದ್ದು, ಊರಲ್ಲಿ ನಾಲ್ಕು ದಿನ ಕ್ಲಿನಿಕ್ಕುಗಳು ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಕೊನೆಗೂ ರೋಗಿಗಳ ಹಕ್ಕುಗಳ ಪಟ್ಟಿ ಆ ಕಾಯ್ದೆಯೊಳಗೆ ಬಂತು, ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಬಂತು. ಆ ಕಾಯ್ದೆಯ ನಿಯಮದಲ್ಲಿ ಓಪಿಡಿಗೂ ಒಂದು ಪುಟ ಸೇರಿಸಿ. ಪ್ರತಿ ಭೇಟಿಗೂ ಒಂದು ಹಾಳೆ, ರೋಗಿಗೆ ಒಂದು ಪ್ರತಿ, ಆಸ್ಪತ್ರೆಯಲ್ಲಿ ಒಂದು ಪ್ರತಿ. ಏನು ತೊಂದರೆ ಎಂದು ಬಂದರು, ಯಾವ ಪರೀಕ್ಷೆ ಮಾಡಿದರು, ಯಾವುದು ಮಾಡಲಿಲ್ಲ, ರೋಗಿಯೇ ಬೇಡ ಎಂದರೆ ಹಾಗಂತ, ಮತ್ತೆ ಎಷ್ಟು ದಿನಕ್ಕೆ ಬರಬೇಕು. ನಾಲ್ಕು ಸಾಲು ಸಾಕು. ಇದು ಡಾಕ್ಟರಿಗೂ ರಕ್ಷಣೆ. ನಾನು ಹೇಳಿದ್ದೆ, ಅವರೇ ಪರೀಕ್ಷೆಗೆ ಒಪ್ಪಲಿಲ್ಲ ಎನ್ನಲು ಅವರ ಹತ್ತಿರವೂ ಇವತ್ತು ಕಾಗದ ಇಲ್ಲ. ಅಮ್ಮ ಒಪ್ಪಲಿಲ್ಲ ಎಂದು ನಾಳೆ ಅವರು ಆಯೋಗದಲ್ಲಿ ಹೇಳಿದರೆ, ಹೌದು ಇಲ್ಲ ಎನ್ನಲು ಅಮ್ಮ ಇಲ್ಲ.

ಅದೇ ತೊಂದರೆಗೆ ಮೂರನೇ ಸಲ ಬಂದವರನ್ನು ಅದೇ ಮಾತ್ರೆ ಕೊಟ್ಟು ಕಳಿಸುವ ಹಾಗಿಲ್ಲ, ಮುಂದಿನ ಆಸ್ಪತ್ರೆಗೆ ಬರೆದುಕೊಡಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಇದು ಮೊದಲು ನಿಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾಗಲಿ, ಅಲ್ಲಿ ಯಾರ ಮುಷ್ಕರದ ಭಯವೂ ಇಲ್ಲ. ಕೇಸುಗಳಿಗೆ ಅಭಿಪ್ರಾಯ ಕೊಡಲು ಸರ್ಕಾರಿ ಮೆಡಿಕಲ್ ಕಾಲೇಜುಗಳ ಡಾಕ್ಟರುಗಳ ಒಂದು ಪಟ್ಟಿ ಮಾಡಿ, ಆ ಜಿಲ್ಲೆಯವರನ್ನು ಬಿಟ್ಟು ಬೇರೆ ಜಿಲ್ಲೆಯವರು ನೋಡಲಿ, ಇಷ್ಟು ದಿನದಲ್ಲಿ ಬರೆದುಕೊಡಬೇಕು ಎಂದು ಗಡುವು ಇರಲಿ. ಬೀದರಿನ ಕೇಸನ್ನು ಮೈಸೂರಿನವರು ನೋಡಿದರೆ ಯಾರಿಗೆ ಮುಖ ನೋಡುವ ದಾಕ್ಷಿಣ್ಯ?

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. 2022ರಲ್ಲಿ ದೇಶದಲ್ಲಿ ಹೊಸದಾಗಿ 14.6 ಲಕ್ಷ ಜನಕ್ಕೆ ಕ್ಯಾನ್ಸರ್ ಬಂದಿರಬಹುದು ಎಂದು ಅಂದಾಜು ಸಿಕ್ಕಿದ್ದು ಇಂಥ ಲೆಕ್ಕಗಳಿಂದಲೇ. ಕ್ಯಾನ್ಸರ್ ಎಂದು ಗೊತ್ತಾದ ಪ್ರತಿಯೊಬ್ಬರನ್ನೂ ಇನ್ನೊಂದು ಪ್ರಶ್ನೆ ಕೇಳಿಸಿ: ಈ ತೊಂದರೆಗೆ ನೀವು ಮೊದಲ ಸಲ ಡಾಕ್ಟರ ಹತ್ತಿರ ಹೋದದ್ದು ಯಾವಾಗ? ಆ ದಿನಕ್ಕೂ ಬಯಾಪ್ಸಿಯ ದಿನಕ್ಕೂ ನಡುವೆ ಎಷ್ಟು ದಿನ ಎಂದು ತಾಲ್ಲೂಕುವಾರು ಪ್ರಕಟಿಸಿ. ಜನ ತಡವಾಗಿ ಬರುತ್ತಾರೆ, ಅರಿವಿಲ್ಲ ಎಂದು ಗೋಡೆಗೆಲ್ಲ ಪೋಸ್ಟರ್ ಹಚ್ಚುತ್ತೀರಿ. ಬಂದವರಿಗೆ ಎಷ್ಟು ತಡವಾಯಿತು ಎನ್ನುವುದೂ ಗೊತ್ತಾಗಲಿ.

ಬರುವ ಸೋಮವಾರ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಮೂರು ಚೀಟಿ, ಮೂರು ರಿಪೋರ್ಟು, ನರ್ಸಿಂಗ್ ಹೋಂನವರು ಸಹಿ ಹಾಕಿದ ಸ್ವೀಕೃತಿ, ಆ ಹುಡುಗಿ ಡಾಕ್ಟರ್ ಬರೆದ ಪುಟ, ಇಷ್ಟೇ ನನ್ನ ಆಸ್ತಿ. ರಕ್ತದ ರಿಪೋರ್ಟುಗಳು ಬಿಲ್ಲಿನಂಥ ಆ ನುಣುಪು ಕಾಗದದಲ್ಲಿವೆ, ಅಕ್ಷರ ದಿನದಿಂದ ದಿನಕ್ಕೆ ಮಾಸುತ್ತಿದೆ. 10.2 ಇನ್ನೇನು ಕಾಣುವುದೇ ಇಲ್ಲ. ನಿನ್ನೆ ರಾತ್ರಿ ಅಂಗಡಿ ಬಾಗಿಲು ಎಳೆದುಕೊಂಡು, ಮಷೀನಿನ ಕಪ್ಪು ಜಾಸ್ತಿ ಮಾಡಿ ಐದೈದು ಪ್ರತಿ ತೆಗೆದೆ. ಮೊದಲ ಚೀಟಿಯ ಪ್ರಶ್ನೆಯ ಗುರುತು ಎಲ್ಲ ಪ್ರತಿಯಲ್ಲೂ ಸ್ಪಷ್ಟವಾಗಿ ಬಂದಿದೆ. ಒಂದು ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಇತಿ,
ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವಳು